ಒದ್ದೆ ರಿಮ್ಮಿನಲ್ಲಿ ಕಲೆ ಕಾಣುವುದಿಲ್ಲ

ಕೊರೋನಾ ಮುಗಿದು ಗಾಡಿಗಳೆಲ್ಲ ಮತ್ತೆ ರಸ್ತೆಗಿಳಿದ ವರ್ಷ. ರಾಮನಗರದಿಂದ ಕೈಲಾಂಚದ ಕಡೆ ಹೋಗುವ ರಸ್ತೆಯಲ್ಲಿ ಒಂದು ವಾಟರ್ ಸರ್ವೀಸ್ ಶೆಡ್ಡಿತ್ತು. ಅಲ್ಲಿ ನಾನು ಕಾರಿನ ಟಯರು ತೊಳೆಯುವ ಕೆಲಸದಲ್ಲಿದ್ದೆ. ಓದಿರುವುದು ಐದನೇ ಕ್ಲಾಸು, ಬರೆದು ಅಭ್ಯಾಸವಿಲ್ಲ. ಆದರೂ ಈಗ ಮಾಗಡಿಯ ಮಗಳ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೊಮ್ಮಗಳು ಹುಟ್ಟಿ ಇವತ್ತಿಗೆ ನಲವತ್ತೆರಡು ದಿನ. ಸಂತೋಷಕ್ಕೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ಬಾಯಿ ತುಂಬ ಮಾತು ಬರುತ್ತದೆ, ಮಗು ಎದ್ದುಬಿಡುತ್ತದೆ ಎಂದು ಮಗಳು ಮಾತಾಡಲು ಬಿಡುವುದಿಲ್ಲ. ಅದಕ್ಕೇ ಪೆನ್ನು ಹಿಡಿದೆ.

"ಟಯರ್ ತೊಳ್ಯದ್ರಲ್ಲಿ ಬರ್ಯಕೆ ಏನೈತತ್ತೆ?" ಎಂದು ಅಳಿಯ ನಕ್ಕ. ಐತಪ್ಪ, ಕೇಳು ಎಂದೆ.

ಅದಕ್ಕೂ ಮೊದಲು ಇಪ್ಪತ್ತು ವರ್ಷ ನಾನು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿದ್ದೆ. ಗೂಡು ಕುದಿಯುವ ಬಟ್ಟಲಿನ ಮುಂದೆ ಸಾಲಾಗಿ ಎಂಟು ಹೆಂಗಸರು. ಹಬೆಯಲ್ಲಿ ಮುಖ ಕಾಣದಿದ್ದರೂ ಮಾತು ನಿಲ್ಲುತ್ತಿರಲಿಲ್ಲ. ಯಜಮಾನರು ಘಟಕ ಮುಚ್ಚಿದರು. ನನ್ನ ಗಂಡ ಆಗಲೇ ಇರಲಿಲ್ಲ, ಮಗಳ ಮದುವೆಯೂ ಆಗಿತ್ತು. ಬಾಡಿಗೆಯ ಒಂದೇ ಕೋಣೆ, ನಾನೊಬ್ಬಳೇ. ಮಂಗಳವಾರ ವಾಟರ್ ಸರ್ವೀಸಿಗೆ ರಜ. ಸೋಮವಾರ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡರೆ ಬುಧವಾರ ಬೆಳಿಗ್ಗೆಯವರೆಗೂ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಒಂದು ಬುಧವಾರ ಶೆಡ್ಡಿಗೆ ಹೋಗಿ "ಬಕೀಟೆಲ್ಲಿ" ಎಂದು ಕೇಳಲು ಬಾಯಿ ತೆರೆದರೆ ಗಂಟಲು ಕಟ್ಟಿಕೊಂಡಿತ್ತು. ನೆಗಡಿಯೇನೂ ಇರಲಿಲ್ಲ.

ಶೆಡ್ಡಿನಲ್ಲೂ ಹೆಚ್ಚು ಮಾತಿಲ್ಲ. ಇಬ್ಬರು ಗಂಡಸರು ನೀರಿನ ಗನ್ ಹಿಡಿದು ಕಾರಿನ ಮೈ ತೊಳೆಯುತ್ತಿದ್ದರು, ಆ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಕೂತು ಮಾಡುವ ಕೆಲಸ ಎಂದು ಟಯರು ನನಗೆ ಬಿಟ್ಟಿದ್ದರು. ನಾಲ್ಕು ಚಕ್ರ, ಒಂದೊಂದಕ್ಕೆ ಹತ್ತು ನಿಮಿಷ. "ಅಕ್ಕ, ಪೈಪ್ ತುಳ್ದಿದೀಯ" ಎಂದು ಬೈಯುವುದಕ್ಕಾದರೂ ಯಾರೋ ಒಬ್ಬರು ಕರೆಯುತ್ತಿದ್ದರಲ್ಲ, ನನಗೆ ಅಷ್ಟು ಸಾಕಾಗಿತ್ತು.

ಟಯರು ಬಿಸಿಲಿಗೆ ಕಂದಾಗುತ್ತದೆ. ರಬ್ಬರಿಗೆ ಬೆರೆಸಿದ ಔಷಧ ಹೊರಗೆ ಬಂದು ಹಾಗಾಗುತ್ತದಂತೆ. ಬರೀ ಸೋಪಿಗೆ ಆ ಕಂದು ಬೇಗ ಬಿಡುವುದಿಲ್ಲ. ನೂಲಿನ ಬಟ್ಟಲಿಗೆ ಹಿಡಿದ ಅಂಟನ್ನು ನಾವು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಬಿಡಿಸುತ್ತಿದ್ದೆವು. ಅದೇ ಬುದ್ಧಿ ಇಲ್ಲಿಗೂ ತಂದೆ. ಅರ್ಧ ಬಕೀಟು ಬಿಸಿನೀರು, ಎರಡು ಹಿಡಿ ಸೋಡಾ. ನಾಲ್ಕು ಟಯರಿಗೂ ಬಳಿದು ಹತ್ತು ನಿಮಿಷ ನೆನೆಯಲು ಬಿಟ್ಟು ಉಜ್ಜಿದರೆ ಕಪ್ಪು ಮಿಂಚುತ್ತಿತ್ತು. ಶೆಡ್ಡಿನ ಯಜಮಾನ ಸಿದ್ದರಾಜು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಗಿರಾಕಿಗಳನ್ನು ಕರೆದು ತೋರಿಸುತ್ತಿದ್ದ. "ನೋಡಿ ಸಾ, ನಮ್ಮಕ್ಕ ತೊಳದ್ರೆ ಟಯರ್ರು ಕೆರೇಲಿ ಮಿಂದ್ ಬಂದಿರೋ ಎಮ್ಮೆ ಇದ್ದಂಗೆ!" ನಾನು ಉಬ್ಬಿಹೋಗಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಹಳೆಯದೊಂದು ಹಸಿರು ಕಾರು ಬಂತು. ಓಡಿಸಿಕೊಂಡು ಬಂದವರು ಚನ್ನಪಟ್ಟಣದ ಮಹಾದೇವಯ್ಯ. ಹಣೆಯಲ್ಲಿ ವಿಭೂತಿ, ಎಪ್ಪತ್ತರ ಹತ್ತಿರದ ವಯಸ್ಸು. ಮರದ ಬೊಂಬೆ ಕಡೆಯುವ ಲೇತ್ ಯಂತ್ರದ ಮುಂದೆ ನಲವತ್ತು ವರ್ಷ ಕೂತವರು ಎಂದು ಆಮೇಲೆ ತಿಳಿಯಿತು. ನಾನು ನೋಡಿದ್ದು ಚಕ್ರವನ್ನು. ಹದಿನೈದು ಇಂಚಿನ ರಿಮ್ಮು, ಅದರಲ್ಲಿ ನನ್ನ ಮುಖ, ಸೆರಗು, ಹಿಂದೆ ಆಕಾಶ ಎಲ್ಲ ಕಾಣುತ್ತಿತ್ತು. ಸಾಮಾನ್ಯವಾಗಿ ಅಲಾಯ್ ಚಕ್ರದ ಮೇಲೆ ಗಾಜಿನಂಥ ತೆಳು ಲ್ಯಾಕರ್ ಇರುತ್ತದೆ, ಅದು ಒಳಗಿನ ಲೋಹವನ್ನು ಕಾಪಾಡುತ್ತದೆ. ಇದಕ್ಕೆ ಅದಿರಲಿಲ್ಲ. ಬರೀ ಅಲ್ಯೂಮಿನಿಯಂ, ಕೈಯಲ್ಲಿ ಉಜ್ಜಿ ತಂದ ಹೊಳಪು. ಆ ವ್ಯತ್ಯಾಸ ಅವತ್ತು ನನಗೆ ಗೊತ್ತಿಲ್ಲ.

"ರಿಮ್ಮಿಗೆ ಏನೂ ಹಾಕ್ಬೇಡಮ್ಮ. ಟಯರ್ ಒಂದ್ ತೊಳ್ಕೊಡು. ಮಂಡಿ ಆಪರೇಷನ್ ಆಗೈತೆ, ನಂಗೆ ಕೂರಕಾಗಲ್ಲ" ಎಂದು ಹೇಳಿ ತಗಡಿನ ನೆರಳಿಗೆ ಹೋದರು.

ನಾನು ರಿಮ್ಮಿಗೆ ಏನೂ ಹಾಕಲಿಲ್ಲ. ಸೋಡಾ ನೀರು ಟಯರಿಗೇ ಬಳಿದೆ. ಆದರೆ ಟಯರಿನ ಮೇಲ್ಭಾಗಕ್ಕೆ ಬಳಿದ ನೀರು ಕೆಳಗೆ ಇಳಿಯುವುದು ರಿಮ್ಮಿನ ಮೇಲೆಯೇ ಅಲ್ಲವೇ! ಹತ್ತು ನಿಮಿಷ ಇಳಿಯಿತು. ತೊಳೆದಾಗ ಎಲ್ಲ ಫಳಫಳ ಎಂದಿತು. ಕೊನೆಯ ಚಕ್ರ ಮುಗಿಸಿ ಮೊದಲನೆಯದರ ಹತ್ತಿರ ಬಂದರೆ, ಒಣಗಿದ ಅಂಚಿನಲ್ಲಿ ಗಂಜಿ ಸೋರಿದ ಹಾಗೆ ಬಿಳಿ ಗೆರೆಗಳು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಮಾಯವಾಯಿತು. ಒಣಗಿತು, ಮತ್ತೆ ಬಂತು.

ನೀರಿನ ಗನ್ ನಿಂತಿದ್ದ ಹೊತ್ತು. ಸಿದ್ದರಾಜು ಬಗ್ಗಿ ನೋಡಿ ದನಿ ತಗ್ಗಿಸಿದ. "ಒಣಗಕ್ ಬುಡ್ಬೇಡಕ್ಕ. ಇನ್ನೊಂದ್ ಬಕೀಟ್ ನೀರ್ ಹುಯ್ದು ಒದ್ದೇಲೇ ಕಳುಸ್ಬುಡು. ಚನ್ನಪಟ್ಣ ಸೇರೊತ್ಗೆ ಎಲ್ಲಾಯ್ತೋ ಯಾರಿಗ್ ಗೊತ್ತು?"

"ಮೋಸ ಅಲ್ವೇನಪ್ಪ ಅದು?"

"ಹಂಗಾರೆ ನೀನೇ ಯೋಳ್ಕೋ. ಆವಯ್ಯ ಕೂಗಾಡಿದ್ರೆ ಮಾತ್ರ ನಾನ್ ಇಟ್ಕಳಕಾಗಲ್ಲ, ನಾಳಿದ್ದಿಂದ ಬರ್ಬೇಡ."

ಕೂಲಿ ಇನ್ನೆಲ್ಲಾದರೂ ಸಿಗುತ್ತಿತ್ತು, ಪಾತ್ರೆ ತೊಳೆದಾದರೂ ಹೊಟ್ಟೆ ತುಂಬುತ್ತಿತ್ತು. ನನಗೆ ಭಯವಾದದ್ದು ಮಂಗಳವಾರಕ್ಕೆ. ಈ ಶೆಡ್ಡು ಹೋದರೆ ವಾರದ ಏಳು ದಿನವೂ ಮಂಗಳವಾರವೇ. ಬಕೀಟಿಗೆ ನೀರು ತುಂಬಿದೆ. ಸುಳ್ಳೇಕೆ, ಹುಯ್ಯಬೇಕೆಂದೇ ತುಂಬಿದೆ.

ಅಷ್ಟರಲ್ಲಿ ಮಹಾದೇವಯ್ಯ ಬಂದರು. ಕಾರಿನ ಬಾಗಿಲು ಹಿಡಿದು ಬಗ್ಗಲು ನೋಡಿದರು, ಮಂಡಿ ಬಿಡಲಿಲ್ಲ. ನೆಟ್ಟಗೆ ನಿಂತುಕೊಂಡು ಎಲ್ಲೋ ನೋಡುತ್ತ ಕೇಳಿದರು, "ನಂಗೆ ಕಾಣಲ್ಲಮ್ಮ. ನೀನೇ ನೋಡಿ ಯೋಳು, ಹೆಂಗೈತೆ?"

ಬೇರೆ ಏನಾದರೂ ಕೇಳಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ನನ್ನ ಕಣ್ಣನ್ನೇ ಕೇಳಿಬಿಟ್ಟರು. ನಾನು ಬಕೀಟು ಪಕ್ಕಕ್ಕಿಟ್ಟು ಒಣ ಬಟ್ಟೆ ತೆಗೆದುಕೊಂಡು ನಾಲ್ಕು ರಿಮ್ಮನ್ನೂ ಒಂದೊಂದಾಗಿ ಒರೆಸಿದೆ. ನಾಲ್ಕರಲ್ಲೂ ಗೆರೆ ಎದ್ದವು.

"ಹಾಳಾಗೈತೆ ಸಾ. ನಾಕೂ ಹಾಳಾಗವೆ. ನಾನೇ ಮಾಡಿದ್ದು."

ಅವರು ಕೂಗಾಡಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. "ಏನ್ ಹಾಕ್ದೆ?" ಎಂದರು.

"ವಾಷಿಂಗ್ ಸೋಡ, ಬಿಸ್ನೀರು."

"ಮನೇಲಿ ಅಲ್ಯೂಮಿನಿಯಂ ಪಾತ್ರೇಲಿ ಸೋಡ ಹಾಕಿ ಬಟ್ಟೆ ಕುದುಸ್ತೀಯ?"

"ಇಲ್ಲ ಸಾ, ಪಾತ್ರೆ ಕರ್ರಗಾಯ್ತದೆ."

"ಮತ್ತೆ ಇದೇನ್ ಚಿನ್ನದ್ದಾ?"

ಗೊತ್ತಿದ್ದ ಸಂಗತಿಯೇ, ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದೆ.

ಕುರ್ಚಿ ತರಿಸಿ ಚಕ್ರದ ಪಕ್ಕದಲ್ಲೇ ಹಾಕಿಸಿಕೊಂಡು ಕೂತರು. ಡಿಕ್ಕಿಯಿಂದ ಮೆಟಲ್ ಪಾಲಿಶಿನ ಡಬ್ಬಿ, ಹರಿದ ಬನಿಯನ್ ತುಂಡುಗಳು ಬಂದವು. "ನಿನ್ ಕೈ, ನನ್ ಬಾಯಿ. ಶುರು ಮಾಡು." ಹೆಸರುಕಾಳಿನಷ್ಟು ಪಾಲಿಶ್ ಬಟ್ಟೆಗೆ ತೆಗೆದುಕೊಂಡೆ. ಮೊದಲು ಉಜ್ಜಿದ ಗೆರೆ ಯಾವ ಕಡೆ ಹೋಗಿದೆಯೋ ಅದೇ ಕಡೆ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು. ಬಟ್ಟೆ ಕಪ್ಪಾಗುತ್ತದೆ, ಹೆದರಬಾರದು, ತುಂಡು ಬದಲಿಸುತ್ತ ಹೋಗಬೇಕು.

"ಮುದ್ದೆ ತಿರುವ್ದಂಗೆ ತಿರುವ್ತೀಯಲ್ಲಮ್ಮ, ಒಸಿ ಮೆತ್ತಗೆ!"

"ಮುದ್ದೆ ತಿರುವೇ ಬಂದಿರೋ ಕೈ ಸಾ ಇದು. ಮೆತ್ತಗೆ ತಿರುವುದ್ರೆ ಗಂಟಾಯ್ತದೆ."

ಅವರು ನಕ್ಕಾಗ ನನ್ನ ಎದೆಯ ಮೇಲಿದ್ದ ಕಲ್ಲು ಒಂದಿಷ್ಟು ಜರುಗಿತು. ಹನ್ನೊಂದು ಗಂಟೆಗೆ ಕೂತವರು ನಾಲ್ಕಕ್ಕೆ ಎದ್ದೆವು. ಮುಗಿದದ್ದು ಎರಡೇ ಚಕ್ರ. ನಡುವೆ ನನ್ನ ಬುತ್ತಿಯ ಚಿತ್ರಾನ್ನದಲ್ಲಿ ಅರ್ಧ ಅವರು ತಿಂದರು. ಹೆಂಡತಿ ತೀರಿಕೊಂಡ ಮೇಲೆ ಆ ರಿಮ್ಮುಗಳ ಲ್ಯಾಕರ್ ಕೆರೆದು ತೆಗೆದು, ಎರಡು ತಿಂಗಳು ಕೂತು ಉಜ್ಜಿದರಂತೆ. "ಮರದ್ ಬೊಂಬೆಗೆ ಅರಗಿನ್ ಹೊಳಪು ಕೊಟ್ಟು ಕೊಟ್ಟು ಅಭ್ಯಾಸ ನೋಡು. ಮನೇಲಿ ಮಾತಾಡ್ಸೋರಿಲ್ಲ, ಕೈಗಾದ್ರೂ ಕೆಲ್ಸ ಇರ್ಲಿ ಅಂತ." ನಾನು ತಲೆ ಎತ್ತಲಿಲ್ಲ, ಉಜ್ಜುತ್ತಲೇ ಇದ್ದೆ. ಐದು ಗಂಟೆ ಕಾಲ ಒಬ್ಬರು ನನ್ನ ಜೊತೆಗೇ ಮಾತಾಡಿ ಎಷ್ಟು ವರ್ಷವಾಗಿತ್ತೋ.

ಹೊರಡುವಾಗ ಸಿದ್ದರಾಜು ಕೈಮುಗಿದ. "ಬೇಜಾರ್ ಮಾಡ್ಕಬೇಡಿ ಸಾ, ಅಕ್ಕನ್ನ ಬುಡುಸ್ಬುಡ್ತೀನಿ."

"ಬುಡ್ಸಪ್ಪ. ಮುಂದಿನ್ ಸೋಮವಾರ ಉಳಿದೆರಡ್ನ ನೀನ್ ಉಜ್ತೀಯಾ? ಒದ್ದೇಲೇ ಕಳ್ಸು ಅಂದೋನು ನೀನು. ನನ್ ಮಂಡಿ ಹೋಗಿರದು, ಕಿವಿ ಅಲ್ಲ."

ಸಿದ್ದರಾಜು ಆಮೇಲೆ ಬಿಡಿಸುವ ಮಾತೆತ್ತಲಿಲ್ಲ.

ಮುಂದಿನ ಸೋಮವಾರ ಉಳಿದೆರಡು ಚಕ್ರ ಮುಗಿಸಿದೆವು. ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು, ಕುರ್ಚಿ ಹಾಕಿಕೊಂಡು ತಪ್ಪು ಹುಡುಕುತ್ತಿದ್ದರು. ಲ್ಯಾಕರಿಲ್ಲದ ಅಲ್ಯೂಮಿನಿಯಂ ರಿಮ್ಮಿದ್ದರೆ ಟಯರು ತೊಳೆಯುವ ಕ್ರಮ ನಾನು ಅವರ ಬೈಗುಳದಲ್ಲಿ ಕಲಿತದ್ದು. ಓಡಿ ಬಂದ ಚಕ್ರ ನೆರಳಿನಲ್ಲಿ ಪೂರ್ತಿ ತಣ್ಣಗಾಗಬೇಕು. ಸೋಡಾ ಬೇಡ, ಆಸಿಡ್ ಇರುವ ವೀಲ್ ಕ್ಲೀನರ್ ಬೇಡ, ಹಿತ್ತಾಳೆ ದೀಪಕ್ಕೆ ಹಾಕುವ ಹುಣಸೆಹಣ್ಣು, ನಿಂಬೆಹುಳಿ ಮೊದಲೇ ಬೇಡ. ಒಂದು ಬಕೀಟು ನೀರಿಗೆ ಒಂದು ಮುಚ್ಚಳ ಮೆದು ಕಾರ್ ಶಾಂಪೂ. ರಿಮ್ಮಿನ ಅಳತೆಗೆ ಪ್ಲಾಸ್ಟಿಕ್ ಹಾಳೆಯನ್ನು ಗುಂಡಗೆ ಕತ್ತರಿಸಿ ಅಡ್ಡ ಹಿಡಿಯಬೇಕು. ನೊರೆ ಬ್ರಷ್ಷಿಗೆ ತೆಗೆದುಕೊಳ್ಳಬೇಕು, ಟಯರಿಗೆ ಸುರಿಯಬಾರದು. ಒಂದು ಚಕ್ರ ತೊಳೆದು ಒಣಗಿಸಿಯೇ ಇನ್ನೊಂದಕ್ಕೆ ಹೋಗಬೇಕು. ಕಂದು ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಉಜ್ಜಬೇಕು, ಔಷಧ ಜೋರು ಮಾಡಬಾರದು. ಟಯರಿನ ಬ್ರಷ್ಷು ರಿಮ್ಮಿಗೆ ತಾಗಬಾರದು. ರಿಮ್ಮಿಗೆ ಬೇರೆ ಮೆತ್ತನೆ ಬಟ್ಟೆ. (ಇಲ್ಲಿ ನಿಲ್ಲಿಸಿದ್ದೆ. ಮೊಮ್ಮಗಳು ನಿದ್ದೆಯಲ್ಲೇ ನಕ್ಕಳು, ಹೋಗಿ ನೋಡಿಕೊಂಡು ಬಂದೆ. ಏನು ಚಂದ, ಏನು ಚಂದ!)

ಹತ್ತು ಸಲ ಬಂದಿರಬೇಕು. ಹನ್ನೊಂದನೆಯ ಸಲ ಬರಬೇಕಿದ್ದ ಸೋಮವಾರ ಬರಲಿಲ್ಲ. ಅದರಾಚೆಯದಕ್ಕೂ ಬರಲಿಲ್ಲ. ಯಾರಾದರೂ ಕರೆದುಕೊಂಡು ಹೋದರೋ, ಕಾರು ಮಾರಿದರೋ, ಬೇರೆ ಏನೋ. ನಾನು ಅವರ ನಂಬರು ಕೇಳಿರಲಿಲ್ಲ, ಹೆಂಗಸಾಗಿ ಹೇಗೆ ಕೇಳುವುದು ಎಂಬ ಸಂಕೋಚ. ಚನ್ನಪಟ್ಟಣದಲ್ಲಿ ಮಹಾದೇವಯ್ಯ ಎಂದರೆ ಎಷ್ಟು ಜನ! ಹಸಿರು ಕಾರು ರಸ್ತೆಯಲ್ಲಿ ಕಂಡರೆ ಬಹಳ ದಿನ ಬ್ರಷ್ಷು ಹಿಡಿದುಕೊಂಡೇ ಎದ್ದು ನಿಲ್ಲುತ್ತಿದ್ದೆ.

ಮಗಳ ಬಾಣಂತನಕ್ಕೆಂದು ಕೆಲಸ ನಾನೇ ಬಿಟ್ಟೆ, ಯಾರೂ ಬಿಡಿಸಿದ್ದಲ್ಲ. ನನ್ನ ಜಾಗಕ್ಕೆ ಬಂದ ಜಯಮ್ಮನಿಗೆ ಎರಡು ದಿನ ಕೂತು ಹೇಳಿಕೊಟ್ಟೆ. ಕೊನೆಗೆ, "ಒದ್ದೇಲಿ ನೋಡಿ ಆಯ್ತು ಅನ್ಬೇಡ ಕಣವ್ವ. ಒಣಗ್ಸಿ ನೋಡು. ಕಲೆ ಇದ್ರೆ ಗಿರಾಕಿ ಕೇಳಕ್ ಮುಂಚೆ ನೀನೇ ಯೋಳ್ಬುಡು" ಎಂದೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ.

ಅವಳು ನನ್ನ ಮುಖ ನೋಡಿದಳು. "ಯೋಳಿದ್ರೆ ಕೆಲ್ಸ ಓಯ್ತದಲ್ಲಕ್ಕ?"

"ಓಗ್ಬೋದು" ಎಂದೆ. ನನ್ನದು ಹೋಗಲಿಲ್ಲ, ಅವತ್ತು ಒಬ್ಬರು ಕುರ್ಚಿ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತರು. ಅವಳ ಪಕ್ಕದಲ್ಲೂ ಒಬ್ಬರು ಕೂರುತ್ತಾರೆ ಎಂದು ನಾನು ಹೇಗೆ ಹೇಳಲಿ?