ಲಾವಂಚದ ದಿಂಬು ಮತ್ತು ನೀಲವ್ವ ಕಾಕಿಯ ಅಳು

ಗೆಳೆಯರೇ, ನಾನು ಹೊಲಿದ ದಿಂಬು ಇವತ್ತು ನಮ್ಮ ಮನೆಯನ್ನು ಸಾವಿನ ಮನೆ ಮಾಡಿಬಿಟ್ಟಿತ್ತು!

ಸಿಂದಗಿಯ ಅಂಗಡಿಗೆ ಕೊಡಲೆಂದು ಲಾವಂಚ, ದವನ, ಒಣಗಿದ ತುಳಸಿ ತುಂಬಿ ದಿಂಬು ಹೊಲಿದಿದ್ದೆ. ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ಅವ್ವ ಮಧ್ಯಾಹ್ನ ಉಂಡು, ಪಡಸಾಲೆಯಲ್ಲಿ ಅದರ ಮೇಲೆ ತಲೆಯಿಟ್ಟಳು. ಹಣೆ ತುಂಬ ವಿಭೂತಿ, ಅರ್ಧ ತೆರೆದ ಬಾಯಿ. ಗೊರಕೆಯೂ ಇಲ್ಲ.

ಅಷ್ಟರಲ್ಲಿ ನನ್ನ ಹತ್ತಿರ ಜರಡಿ ಕೇಳಲು ನೀಲವ್ವ ಕಾಕಿ ಬಂದಳು. ಅಪ್ಪನ ತಮ್ಮನ ಹೆಂಡತಿ. ಯಂಕಂಚಿ ಹೊಲದ ಬದುವಿನ ಜಗಳವಾದ ಮೇಲೆ ಅವಳಿಗೂ ಅವ್ವನಿಗೂ ಮಾತಿಲ್ಲ. ಅವ್ವ ಮಲಗಿದ ರೀತಿ ನೋಡಿ ಹೆದರಿ "ಯಕ್ಕಾ, ಯಕ್ಕಾ" ಎಂದು ಕರೆದಳು. ಅವ್ವ ಅಲುಗಲಿಲ್ಲ. ಕಾಕಿ ಎದೆ ಬಡಿದುಕೊಂಡು, ಸತ್ತವರ ಗುಣ ಹೇಳಿ ಹಾಡ್ಯಾಡಿಕೊಂಡು ಅಳಲು ಶುರು ಮಾಡಿದಳು.

"ಬಂಗಾರದಂಥಾ ನನ್ನ ಯಕ್ಕಾ... ನನ್ನ ಬಾಣಂತನ ಮಾಡಿದಾಕೀ... ಬದುವಿನ ಜಗಳದಾಗ ತಪ್ಪು ನಂದೇ ಇತ್ತವ್ವಾ..."

ಅಡುಗೆಮನೆಯಿಂದ ಓಡಿ ಬಂದೆ. ನನ್ನ ದಿಂಬೇ ಅವ್ವನನ್ನು ಕೊಂದಿತೆಂದುಕೊಂಡೆ. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ಒಳಗೆ ನುಗ್ಗಿದರು. ಕಾಕಿ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತಳು.

ಅವ್ವ ಒಂದು ಕಣ್ಣು ತೆರೆದಳು. "ಯಾಕ ನಿಲ್ಲಿಸಿದಿ? ಬದುವಿನ ಮಾತು ಇನ್ನೊಮ್ಮಿ ಹೇಳು, ಇವ್ರೂ ಕೇಳ್ಲಿ."

ಕಾಕಿ ದಡಬಡ ಎದ್ದಳು. ಜರಡಿಯನ್ನೂ ಮರೆತು ಹೊರಟವಳು ಬಾಗಿಲಲ್ಲಿ ನನ್ನ ಕಡೆ ತಿರುಗಿದಳು.

"ನನಗೂ ಅಂಥಾದ್ದೊಂದು ದಿಂಬು ಹೊಲಿ. ಇಕಿ ಏನಂತ ಅಳ್ತಾಳ, ನಾನೂ ಸುಮ್ಮ ಮಲಕೊಂಡು ಕೇಳ್ತೇನಿ."