ಫೋನು ಮಾಡದೆ ಮತ್ತೋಡಿಗೆ

ಹಿರಿಯೂರಿನಿಂದ ಮತ್ತೋಡಿಗೆ ಬೈಕಿನಲ್ಲಿ ಒಬ್ಬನೇ ಹೋಗುತ್ತೇನೆ ಎಂದಾಗ ನನ್ನಾಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಷರತ್ತು ಹಾಕಿದಳು.

“ಹೋಗ್ರಿ. ನಮ್ಮ ತಮ್ಮನ ಮನೆ ಮುಟ್ಟೋತನಕ ನನಗೆ ಒಂದು ಫೋನೂ ಮಾಡಂಗಿಲ್ಲ. ಮಾಡಿದ್ರೆ ಬೈಕು ಅವನಿಗೆ ಕೊಟ್ಟು ಬಸ್ಸಿಗೆ ಬರ್ರಿ. ನಾನೂ ಮಾಡಲ್ಲ.”

ಅವಳ ತಮ್ಮನ ಕಣ್ಣು ನನ್ನ ಹಳೇ ಬೈಕಿನ ಮೇಲೆ ಬಿದ್ದು ವರ್ಷಗಳಾಗಿವೆ. ನನ್ನ ಸ್ವಭಾವವೂ ಅವಳಿಗೆ ಗೊತ್ತು. ತರಕಾರಿಗೆ ಹೋದರೂ ಬೀದಿಯ ತುದಿಯಲ್ಲಿ ನಿಂತು, ಗ್ಯಾಸ್ ಆಫ್ ಆಗಿದೆಯಾ ಎಂದು ಫೋನು ಮಾಡುವವನು ನಾನು.

ಮಾಗಿಯ ಚಳಿ. ಬೆಳಕು ಹರಿಯುವ ಮೊದಲೇ ಎದ್ದೆ. ಎರಡು ಸ್ವೆಟರು, ಅವುಗಳ ನಡುವೆ ಎದೆಗೆ ಗಾಳಿ ಹೊಗದಂತೆ ನಿನ್ನೆಯ ಪೇಪರು, ಮಂಕಿ ಕ್ಯಾಪು, ಅದರ ಮೇಲೆ ಹೆಲ್ಮೆಟ್ಟು. ಕನ್ನಡಿಯಲ್ಲಿದ್ದವನು ಹಿಮಾಲಯಕ್ಕೆ ಹೊರಟಂತಿದ್ದ. ನಡೆದಾಗ ಮಾತ್ರ ಪೇಪರು ಚರಚರ ಎಂದು ಮರ್ಯಾದೆ ತೆಗೆಯುತ್ತಿತ್ತು. ಅವಳಿನ್ನೂ ಮಲಗಿದ್ದಳು. ಎಲ್ಲವನ್ನೂ ಎರಡೆರಡು ಸಲ ನೋಡಿ ಸದ್ದಿಲ್ಲದೆ ಹೊರಟೆ.

ವಾಣಿವಿಲಾಸಪುರ ದಾಟಿದ ಮೇಲೆ ಬೆಟ್ಟದ ತಿರುವುಗಳು. ಮಂಜಿನೊಳಗಿಂದ ಗಾಳಿಯಂತ್ರದ ರೆಕ್ಕೆಗಳಷ್ಟೇ ಇಳಿದು ಬಂದು ಹೋಗುತ್ತಿದ್ದವು, ಯಾರೋ ತಲೆಗೆ ಮೊಟಕಲು ಬಂದು ಮನಸ್ಸು ಬದಲಿಸಿದ ಹಾಗೆ. ಎದುರಿಗೆ ಯಾರೂ ಇಲ್ಲದಿದ್ದರೂ ಪ್ರತಿ ತಿರುವಿಗೂ ಹಾರ್ನ್ ಹೊಡೆದೆ. ಬೆರಳು ಮರಗಟ್ಟಿದವು. ಅಷ್ಟರಲ್ಲಿ ನೆನಪಾಯಿತು: ನೀರಿನ ಮೋಟರು. ಹಾಕಿದ್ದು ಗೊತ್ತು. ಆರಿಸಿದ್ದು?

ನೆತ್ತಿಯಲ್ಲೊಂದು ಟೀ ಅಂಗಡಿ. ಇಳಿದೆ. ಅಂಗಡಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಕುಂತ್ಕಳ್ರಣ್ಣ. ಏನದು ಒಳಗೆ ಸದ್ದು?”

“ಪೇಪರು.”

“ಬೆಚ್ಚಗಾದ್ ಮೇಲೆ ಕೊಟ್ಟೋಗ್ರಿ, ಬಜ್ಜಿ ಕಟ್ಟಾಕೆ ಆಯ್ತದೆ.”

ಟೀ ಕಾಯುವಷ್ಟರಲ್ಲಿ ಮೋಟರಿನ ಸಂಕಟ, ಷರತ್ತು, ಬೈಕು ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಕೈ ಒರೆಸಿಕೊಂಡು ತನ್ನ ಫೋನು ತೆಗೆದಳು.

“ನೀವು ಮಾಡಂಗಿಲ್ಲ ತಾನೆ? ನಂಬರ್ ಹೇಳ್ರಿ.”

ಸ್ಪೀಕರಿಗೆ ಹಾಕಿ, ದನಿ ದಪ್ಪ ಮಾಡಿಕೊಂಡಳು. “ಅಮ್ಮ, ನೀರಿನ ಆಫೀಸಿಂದ. ನಿಮ್ಮ ಮೋಟ್ರು ಆಫ್ ಆಗೈತಾ ನೋಡ್ರಿ.”

ಆ ಕಡೆಯಿಂದ ನನ್ನಾಕೆಯ ದನಿ ಬಂತು. “ಆಗೈತೆ. ಆರಿಸೇ ಹೋಗವ್ರೆ. ಅವರ ಟೀಗೆ ಸಕ್ರೆ ಕಮ್ಮಿ ಹಾಕ್ರಿ.”

ಅಂಗಡಿಯಾಕೆಯ ಚಮಚ ಡಬ್ಬಿಯಲ್ಲೇ ನಿಂತಿತು.

“ಹಂಗೇ ಜೇಬಲ್ಲಿ ಏನೈತೆ ನೋಡ್ಕಳಕೆ ಹೇಳ್ರಿ.”

ಕೈ ಹಾಕಿದೆ. ಬೀಗದ ಕೈ. ನಮ್ಮದು ಒಂದೇ ಬಾಗಿಲಿನ ಮನೆ. ಕಳ್ಳರ ಭಯಕ್ಕೆ ಹೊರಗಿನಿಂದ ಬೀಗ ಜಡಿದು, ಎರಡು ಸಲ ಜಗ್ಗಿಯೂ ನೋಡಿ ಬಂದಿದ್ದೆ. ಅವಳು ಒಳಗೇ ಇದ್ದಳು.

“ಹಾಲಿನವನು ಕಿಟಕೀಲಿ ಪಾಕೀಟು ಕೊಟ್ಟು ನಕ್ಕೊಂಡು ಹೋದ. ಹೆಂಗೂ ಫೋನ್ ಮಾಡ್ತಾರೆ, ಆಗ ಹೇಳಾಣ ಅಂತ ಕುಂತಿದೀನಿ. ಇವತ್ತೊಂದಿನ ಮಾಡಲಿಲ್ಲ ನೋಡ್ರಿ ಪುಣ್ಯಾತ್ಮ.”

“ಫೋನು ನಂದಮ್ಮ, ದನಿನೂ ನಂದು,” ಅಂಗಡಿಯಾಕೆ ನನ್ನ ಪರ ವಕೀಲಿಕೆಗೆ ಇಳಿದಳು. “ಅಣ್ಣ ಬಾಯೇ ಬಿಟ್ಟಿಲ್ಲ. ಬೈಕು ಉಳೀಬೇಕು.”

“ಮೊದ್ಲು ಬಂದು ಬಾಗಿಲು ತೆಗೀಲಿ. ಆಮೇಲೆ ನೋಡಾಣ.”

ಪೇಪರನ್ನು ವಕೀಲರ ಫೀಸಿಗೆ ಕೊಟ್ಟು ಅದೇ ತಿರುವುಗಳನ್ನು ಇಳಿದೆ. ಗಾಳಿ ನೇರ ಎದೆಗೇ ಹೊಡೆಯುತ್ತಿತ್ತು. ಹಾರ್ನ್ ಹೊಡೆಯುವುದು ಮರೆತೇಹೋಯಿತು.

ಬಾಗಿಲು ತೆಗೆದರೆ ಅವಳು ಸ್ವೆಟರು ಹಾಕಿ, ಬ್ಯಾಗು ಹಿಡಿದು ನಿಂತಿದ್ದಳು. ಬೈಯಲಿಲ್ಲ. ಅಂಗೈ ಚಾಚಿದಳು. ಬೀಗದ ಕೈ ಇಟ್ಟೆ.

“ಬೈಕು ನಿಮ್ಮತ್ರ ಇರಲಿ, ಇದು ನನ್ನತ್ರ. ನಡೀರಿ ಹೋಗಾಣ.”

ತಾನೇ ಬೀಗ ಹಾಕಿ ಬಂದು ಹಿಂದೆ ಕುಳಿತಳು. ಬೀದಿಯ ತುದಿ ಬಂತು. ಬೈಕು ಯಾಕೋ ತಾನಾಗಿಯೇ ನಿಧಾನವಾಯಿತು.

“ಜಗ್ಗಿ ನೋಡಿದೀನಿ, ನಡೀರಿ,” ಎಂದಳು.