ಜಯಣ್ಣನ ಮುಕ್ಕಾಲಿ

ಎಳೆದು ತೆಗೆಯಬೇಕಾದದ್ದನ್ನು ಸುತ್ತಿಗೆಯಿಂದ ಹೊಡೆದು ತೆಗೆಯುತ್ತೇನೆಂದು ಹೊರಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರು ನಮ್ಮ ಮಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಕೆಲವರಿಗೆ ಎಸಿ ಹಾಕಿದ ಕೋಣೆಯೂ ಬಾಗಿಲ ಮೇಲೆ ಹೆಸರಿನ ಫಲಕವೂ ಇದೆ.

ನನ್ನ ಹೆಸರು ರಂಜಿನಿ. ತೊಕ್ಕೊಟ್ಟು ಪೇಟೆಯ ಹಿಂದಿನ ರಸ್ತೆಯಲ್ಲಿರುವ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ಡಯಾಲಿಸಿಸ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಎಂಟು ಯಂತ್ರ, ದಿನಕ್ಕೆ ಎರಡು ಪಾಳಿ, ಹದಿನಾರು ಜನ. ಒಬ್ಬೊಬ್ಬರ ರಕ್ತ ತೊಳೆಯುವುದಕ್ಕೆ ಒಂದು ಸಲಕ್ಕೆ ನೂರು ಲೀಟರಿಗೂ ಮಿಕ್ಕಿ ಶುದ್ಧ ನೀರು ಬೇಕು. ಆ ನೀರನ್ನು ಮಾಡಿಕೊಡುವುದು ಹಿಂದಿನ ಕೋಣೆಯ ಆರ್‌ಒ ಪ್ಲಾಂಟು. ಅಲ್ಲಿ ಆಳುದ್ದದ ಎರಡು ಬಿಳಿ ಕೊಳವೆಗಳಿವೆ. ಒಳಗೆ ಉಪ್ಪನ್ನು ತಡೆಯುವ ಮೆಂಬ್ರೇನ್, ಎರಡೂ ತುದಿಗೆ ಬಿಗಿ ಮುಚ್ಚಳ, ಮುಚ್ಚಳದ ಸುತ್ತ ನೀರು ಸೋರದಂತೆ ಒಂದು ಕಪ್ಪು ರಬ್ಬರ್ ರಿಂಗ್. ನಾನು ಹೇಳಹೊರಟಿರುವ ಜಗಳ ಅಂಥ ಒಂದು ಮುಚ್ಚಳದ್ದು.

ಮುಚ್ಚಳ ತೆಗೆಯುವವರು ಜಯಣ್ಣ. ಊರು ಕೂಳೂರು, ಪ್ರಾಯ ಐವತ್ತಾರು. ಹೊಳೆಬದಿಯಲ್ಲಿ ಗದ್ದೆ ಮಾಡಿಕೊಂಡಿದ್ದ ಮನೆತನ. ಬೇಸಿಗೆಯಲ್ಲಿ ಹೊಳೆಗೆ ಉಪ್ಪುನೀರು ಏರಿ ಬಂದರೆ ಗದ್ದೆ ಸತ್ತಂತೆ. ಹಾಗಾಗಿ ಅಪ್ಪನ ಜೊತೆ ಮಣ್ಣಿನ ಕಟ್ಟ ಹಾಕುತ್ತಲೇ ಬೆಳೆದವರು. ಆಮೇಲೆ ಗಲ್ಫಿಗೆ ಹೋದರು, ಅಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ದೊಡ್ಡ ಸ್ಥಾವರದಲ್ಲಿ ಹದಿನೇಳು ವರ್ಷ ದುಡಿದರು. “ಹುಟ್ಟಿದಾಗಿನಿಂದ ಉಪ್ಪಿನ ಹತ್ರವೇ ಗಲಾಟೆ ನನ್ನದು, ಮೇಡಂ” ಎನ್ನುತ್ತಿದ್ದರು.

ಅಲ್ಲಿ ಅವರ ಸಂಗಡದ ಒಬ್ಬ ಒಳಗಿನ ಒತ್ತಡ ಇಳಿಸದೆ ಮುಚ್ಚಳಕ್ಕೆ ಕೈ ಹಾಕಿದನಂತೆ. ಮುಚ್ಚಳ ಹಾರಿ ಬಂದು ದವಡೆಗೆ ಬಡಿಯಿತು. ಆ ಮನುಷ್ಯ ಉಳಿದ, ಆದರೆ ಮತ್ತೆ ಚಪಾತಿ ಜಗಿಯಲಿಲ್ಲ. ಅಂದಿನಿಂದ ಜಯಣ್ಣನದ್ದು ಒಂದೇ ಮಂತ್ರ: “ಎದುರು ನಿಲ್ಬೇಡಿ, ಬದಿಗೆ ಬನ್ನಿ.” ಕ್ಯಾಂಟೀನಿನಲ್ಲಿ ಇಡ್ಲಿ ಅಟ್ಟದ ಮುಚ್ಚಳ ತೆಗೆಯುವಾಗಲೂ ಜಯಣ್ಣ ಬದಿಗೆ ಸರಿಯುತ್ತಾರೆಂದು ನಮ್ಮ ನರ್ಸುಗಳು ನಗುತ್ತಿದ್ದರು.

ಏಳು ವರ್ಷದ ಹಿಂದೆ ಊರಿಗೆ ಮರಳಿ ನೋಡಿದರೆ ಇಲ್ಲಿ ಎಲ್ಲರ ಕೈಯಲ್ಲೂ ಸುತ್ತಿಗೆ ಮತ್ತು ಸ್ಕ್ರೂಡ್ರೈವರ್. ಜಯಣ್ಣ ನೆಟ್ಟಗೆ ಬಂದರಿಗೆ ಹೋಗಿ, ಒಸ್ವಾಲ್ಡ್ ಪೊರ್ಬುಗಳ ಲೇತ್ ಅಂಗಡಿಯಲ್ಲಿ ಕೂತು, ಹಳೆಯ ಮದುವೆ ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ತನಗೆ ಬೇಕಾದ ಹತ್ಯಾರು ಮಾಡಿಸಿಕೊಂಡರು. ಎರಡು ಸಲ ಕೆಟ್ಟು ಮೂರನೆಯದು ಸರಿಯಾಯಿತು. ಅದಕ್ಕೆ ಉಕ್ಕಿನ ಮೂರು ಕಾಲು, ನಡುವೆ ಉದ್ದಕ್ಕೂ ಥ್ರೆಡ್ ಇರುವ ಬೋಲ್ಟು, ತಲೆಯಲ್ಲಿ ಅಡ್ಡ ಹಿಡಿ. ಕಾಲುಗಳನ್ನು ಕೊಳವೆಯ ಬಾಯಂಚಿಗೆ ಊರಿ, ಬೋಲ್ಟನ್ನು ಮುಚ್ಚಳಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಮುಚ್ಚಳ ಓರೆಯಾಗದೆ ನೇರವಾಗಿ ಹೊರಗೆ ಬರುತ್ತದೆ. ಪುಲ್ಲರ್ ಎಂದು ಅದರ ಹೆಸರು. ನಮ್ಮ ನರ್ಸುಗಳ ಬಾಯಲ್ಲಿ ಅದು ಜಯಣ್ಣನ ಮುಕ್ಕಾಲಿ.

ಅದನ್ನು ಹೆಗಲಿಗೆ ಹಾಕುವ ಹಳೆಯ ಬೈರಾಸಿನಲ್ಲಿ ಸುತ್ತಿ ತರುತ್ತಿದ್ದರು, ಹಾಗೆಯೇ ಸುತ್ತಿ ಒಯ್ಯುತ್ತಿದ್ದರು. ಇಲ್ಲೇ ಬಿಟ್ಟು ಹೋಗಿ ಎಂದು ನಮ್ಮ ಆಡಳಿತಾಧಿಕಾರಿ ವಿಶ್ವೇಶರು ಎಷ್ಟೋ ಸಲ ಕೇಳಿದ್ದರು.

“ಇಲ್ಲ ಸರ್” ಎಂದರು ಜಯಣ್ಣ. “ಇದು ಇಲ್ಲಿದ್ರೆ ನೀವು ನನ್ನನ್ನು ಕರೀದೆ ತೆಗೀತೀರಿ. ಪ್ರೆಶರ್ ಇಳಿಸ್ಲಿಕ್ಕೆ ಮರೀತೀರಿ. ಆಮೇಲೆ ಯಾರ ದವಡೆ ಹೋಗ್ತದೋ!”

ಈ ಉತ್ತರ ವಿಶ್ವೇಶರಿಗೆ ನುಂಗಲಾರದ ತುತ್ತಾಗಿತ್ತು. ಒಬ್ಬ ಮೆಕ್ಯಾನಿಕ್ ತನಗೆ ಇಲ್ಲ ಎನ್ನುವುದೆಂದರೇನು? ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದ್ದರು ಅಂತ ನನ್ನ ಲೆಕ್ಕ.

ಈ ಮೇ ತಿಂಗಳಲ್ಲಿ ನಮ್ಮ ಬೋರ್‌ವೆಲ್ಲಿಗೆ ಉಪ್ಪು ಏರಿತು, ಮೆಂಬ್ರೇನ್ ಸೋತಿತು. ಭಾನುವಾರ ರೋಗಿಗಳಿರುವುದಿಲ್ಲ, ಅಂದೇ ಬದಲಿಸುವುದೆಂದು ತೀರ್ಮಾನವಾಯಿತು. ಜಯಣ್ಣನಿಗೆ ಫೋನ್ ಮಾಡುತ್ತೇನೆ ಎಂದೆ.

“ಒಂದು ಮುಚ್ಚಳ ತೆಗೀಲಿಕ್ಕೆ ಕೂಳೂರಿನಿಂದ ಜನ ಬರ್ಬೇಕಾ?” ಎಂದರು ವಿಶ್ವೇಶ. “ನಮ್ಮ ಡೆನ್ಜಿಲ್ ಇದ್ದಾನಲ್ಲ.”

ಡೆನ್ಜಿಲ್ ಆಸ್ಪತ್ರೆಯ ಎಲೆಕ್ಟ್ರಿಷಿಯನ್. ಪಾಪ, ಟ್ಯೂಬ್‌ಲೈಟ್ ಹಾಕುವವನಿಗೆ ಈ ಶಿಕ್ಷೆ. ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿದ. ಮುಚ್ಚಳ ಕೂದಲೆಳೆಯಷ್ಟೂ ಅಲುಗಲಿಲ್ಲ. ವಿಶ್ವೇಶರು ಹಿಂದೆ ನಿಂತು “ಇನ್ನೂ ಜೋರು ಹೊಡಿ, ಇನ್ನೂ ಜೋರು” ಎಂದು ಹುರಿದುಂಬಿಸಿದರು. ಹನ್ನೊಂದಕ್ಕೆ ಸ್ಕ್ರೂಡ್ರೈವರ್ ಜಾರಿ ಡೆನ್ಜಿಲ್‌ನ ಗೆಣ್ಣು ಸೀಳಿತು. ಇನ್ನೊಂದು ಏಟಿಗೆ ಕೊಳವೆಯ ಬಾಯಿಂದ ಉಗುರಿನಷ್ಟು ಚೂರು ಹಾರಿತು. ನಾನು ನಿಲ್ಲಿಸಿ ಎಂದು ಕಿರುಚಿದೆ. ಕೆಡಿಸಿ ಮುಗಿಸಿದ ಮೇಲೆ ಅಪರಾಧಿಯನ್ನು ಹುಡುಕುವುದು ನಮ್ಮಲ್ಲಿ ಪದ್ಧತಿ. ವಿಶ್ವೇಶರು ಲಾಗ್ ಪುಸ್ತಕ ತೆರೆದರು. ಫೆಬ್ರವರಿಯ ಪುಟದಲ್ಲಿ ಸಿಕ್ಕಿಯೇಬಿಟ್ಟಿತು: ಮೆಂಬ್ರೇನ್ ತೊಳೆದು ಮುಚ್ಚಳ ಕೂರಿಸಲಾಗಿದೆ, ಸಹಿ ಜಯ.

ಆ ಪುಟದ ಫೋಟೋ ತೆಗೆದು, ಊರಿನ ಆಸ್ಪತ್ರೆ ಆಡಳಿತಾಧಿಕಾರಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ ಬರೆದರು: ಜಯ ಎಂಬವರು ಬೇಜವಾಬ್ದಾರಿಯಿಂದ ಕೂರಿಸಿದ ಮುಚ್ಚಳ ಕಚ್ಚಿಕೊಂಡು ನಮ್ಮ ಪ್ಲಾಂಟ್ ಹಾಳಾಗಿದೆ, ಉಳಿದವರು ಎಚ್ಚರ ವಹಿಸಿ.

ಜಯಣ್ಣನ ಬದುಕು ನಡೆಯುವುದು ಊರಿನ ಒಂಬತ್ತು ಡಯಾಲಿಸಿಸ್ ಕೇಂದ್ರಗಳಿಂದ. ಅವರ ಬಳಿ ಕಂಪನಿ ಇಲ್ಲ, ಬೋರ್ಡಿಲ್ಲ, ಇರುವುದು ಒಂದು ಹೆಸರು. ಮಧ್ಯಾಹ್ನ ಊಟ ಮುಗಿಯುವುದರೊಳಗೆ ಎರಡು ಆಸ್ಪತ್ರೆಗಳು ಇನ್ನು ಬರುವುದು ಬೇಡ ಎಂದು ಅವರಿಗೆ ಹೇಳಿಯಾಗಿತ್ತು.

ಮೂರು ಗಂಟೆಗೆ ಜಯಣ್ಣ ಬಂದರು. ಯಾರೂ ಕರೆದಿರಲಿಲ್ಲ. ಕಂಕುಳಲ್ಲಿ ಬೈರಾಸಿನ ಗಂಟು, ಮುಖ ಕೆಂಡ.

“ಉಪ್ಪು ತಿಂದವ ನೀರು ಕುಡೀಲೇ ಬೇಕು ಜಯ” ಎಂದರು ವಿಶ್ವೇಶ. “ಸಹಿ ನಿಮ್ಮದೇ ಅಲ್ವಾ?”

“ಸಹಿ ನನ್ನದೇ ಸರ್. ಮೊದಲು ತೆಗೀತೇನೆ. ಎಂತ ಆಗಿದೆ ಅಂತ ನೋಡುವ. ಆಮೇಲೆ ಬೇಕಾದಷ್ಟು ಬೈಯಿರಿ.”

ವಾಲ್ವ್ ತೆರೆದು ಒತ್ತಡ ಇಳಿಸಿದರು. ಒಡೆದ ಅಂಚಿನ ಮೇಲೆ ಬೆರಳಾಡಿಸಿ ಹಲ್ಲು ಕಚ್ಚಿದರು. ಚೂರು ಹಾರಿದ್ದು ಹೊರಗಿನ ಅಂಚಿನಿಂದ, ರಿಂಗ್ ಕೂರುವ ಜಾಗ ಉಳಿದಿತ್ತು. ಮುಕ್ಕಾಲಿ ಊರಿ ಹಿಡಿಗೆ ಕೈ ಹಾಕುವ ಮುಂಚೆ ತಲೆಯೆತ್ತಿ ನೋಡಿದರು. ವಿಶ್ವೇಶರು ಸರಿಯಾಗಿ ಮುಚ್ಚಳದ ಎದುರೇ ಕೈಕಟ್ಟಿ ನಿಂತಿದ್ದರು.

“ಸರ್, ಬದಿಗೆ ಬನ್ನಿ.”

ತನ್ನ ಅನ್ನಕ್ಕೆ ಕಲ್ಲು ಹಾಕಿದವನ ದವಡೆಯ ಚಿಂತೆ! ನನಗೆ ಅಳು ಬಂದಂತಾಯಿತು. ಅದರ ಹಿಂದೆಯೇ ಸಿಟ್ಟು ಬಂತು, ಈ ಸಲ ನನ್ನ ಮೇಲೆ.

ವಿಶ್ವೇಶರನ್ನು ಇಷ್ಟು ಹೊತ್ತು ಬೈದದ್ದು ನನಗೆ ಸುಲಭವಾಗಿತ್ತು. ಇನ್ನು ಹೇಳಬೇಕಾದದ್ದು ಸುಲಭವಿಲ್ಲ. ಫೆಬ್ರವರಿಯಲ್ಲಿ ಆ ಮುಚ್ಚಳ ಕೂರಿಸಿದ್ದು ಜಯಣ್ಣ ಅಲ್ಲವೇ ಅಲ್ಲ. ಅವರು ಹಿಂದಿನ ದಿನ ಮುಚ್ಚಳ ತೆಗೆದು, ಮೆಂಬ್ರೇನನ್ನು ತೊಳೆಯಲು ಇಟ್ಟು ಹೋಗಿದ್ದರು. ರಾತ್ರಿ ಅವರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಬೆಳಿಗ್ಗೆ ಫೋನ್ ಬಂತು: “ಹನ್ನೊಂದಕ್ಕೆ ಬರ್ತೇನೆ ಮೇಡಂ, ಅಲ್ಲಿವರೆಗೆ ಮುಟ್ಬೇಡಿ.” ಆದರೆ ಏಳು ಗಂಟೆಗೇ ಎಂಟು ಜನ ಬಂದು ಕೂತಿದ್ದರು. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಮಮ್ಮು ಕಾಕನ ಕಾಲು ಬಾತು ಬೂದುಕುಂಬಳವಾಗಿತ್ತು, ಉಸಿರು ಸಿಕ್ಕುತ್ತಿರಲಿಲ್ಲ. ನಾನು ಡೆನ್ಜಿಲ್‌ನನ್ನು ಕರೆದೆ. ಮೆಂಬ್ರೇನ್ ಒಳಗೆ ಹೋಯಿತು, ಮುಚ್ಚಳ ಮಾತ್ರ ಹೋಗಲಿಲ್ಲ. ರಿಂಗಿಗೆ ಜಯಣ್ಣ ಗ್ಲಿಸರಿನ್ ಹಚ್ಚುವುದನ್ನು ನೋಡಿದ್ದೆ, ಆದರೆ ಸೀಸೆ ಅವರ ಚೀಲದಲ್ಲಿತ್ತು. ನಮ್ಮ ವಾರ್ಡಿನ ಕಪಾಟಿನಲ್ಲಿ ಯಾವಾಗಲೂ ತೆಂಗಿನೆಣ್ಣೆ ಇರುತ್ತದೆ. ಡಯಾಲಿಸಿಸ್ ರೋಗಿಗಳ ಚರ್ಮ ಒಣಗಿ ತುರಿಸುತ್ತದೆ, ಹಚ್ಚಲಿಕ್ಕೆಂದು ಇಡುತ್ತೇವೆ. ಕರಾವಳಿಯಲ್ಲಿ ಹುಟ್ಟಿದವಳು ನಾನು. ತಲೆಗೆ, ಸುಟ್ಟ ಗಾಯಕ್ಕೆ, ಬಾಗಿಲಿನ ತಿರುಗಣೆಗೆ, ಹಲಸು ಕೊಯ್ಯುವ ಕತ್ತಿಗೆ, ಯಾವುದಕ್ಕೆ ಅಜ್ಜಿ ತೆಂಗಿನೆಣ್ಣೆ ಹಚ್ಚಲಿಲ್ಲ! ರಿಂಗಿಗೂ ಹಚ್ಚಿದೆ. ಮುಚ್ಚಳ ಜಾರಿ ಒಳಗೆ ಕೂತಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಜಯಣ್ಣ ಹನ್ನೊಂದಕ್ಕೆ ಬಂದಾಗ ಯಂತ್ರಗಳು ಓಡುತ್ತಿದ್ದವು. “ಗ್ಲಿಸರಿನ್ ಹಚ್ಚಿದ್ದೀರಲ್ಲ ಮೇಡಂ?” ಎಂದು ಕೇಳಿದರು. “ಎಲ್ಲ ನಿಮ್ಮ ಹಾಗೇ” ಎಂದೆ. ಲಾಗ್ ಪುಸ್ತಕಕ್ಕೆ ತಂತ್ರಜ್ಞನ ಸಹಿ ಬೇಕಿತ್ತು. ನಾನೇ ಪುಸ್ತಕ ಮುಂದಿಟ್ಟೆ, ಪೆನ್ನನ್ನೂ ಕೊಟ್ಟೆ.

ಎಣ್ಣೆಯಿಂದ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಜಯಣ್ಣ ಅವತ್ತು ಇರಲಿಲ್ಲವೆಂದು ಗೊತ್ತಿತ್ತು. ವಿಶ್ವೇಶರು ಆ ಪುಟದ ಫೋಟೋ ತೆಗೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಡೆನ್ಜಿಲ್ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ.

ಇತ್ತ ಮುಕ್ಕಾಲಿಯ ಹಿಡಿ ತಿರುಗುತ್ತಿತ್ತು. ಜಯಣ್ಣನ ಕುತ್ತಿಗೆಯ ನರ ಉಬ್ಬಿ ಬಂತು. ಕಾಲು ಸುತ್ತು, ನಿಂತು ಒಂದು ಉಸಿರು, ಮತ್ತೆ ಕಾಲು ಸುತ್ತು. ಕೊನೆಗೆ ಮುಚ್ಚಳ ನರಳಿಕೊಂಡು ಹೊರಗೆ ಬಂತು. ಅದರ ಸುತ್ತಲಿನ ರಿಂಗ್ ನೀರಲ್ಲಿ ನೆನೆದ ಅವಲಕ್ಕಿಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ಜಯಣ್ಣ ಅದನ್ನು ಬಿಡಿಸಿ ಮೂಗಿಗೆ ಹಿಡಿದರು.

“ತೆಂಗಿನೆಣ್ಣೆ” ಎಂದರು. “ಈ ರಬ್ಬರಿಗೆ ಎಣ್ಣೆ ತಾಗಿದ್ರೆ ಉಬ್ಬುತ್ತದೆ. ಉಬ್ಬಿ ಕಚ್ಚಿಕೊಂಡಿದೆ. ಯಾರು ಹಾಕಿದ್ದು?”

ವಿಶ್ವೇಶರು ಡೆನ್ಜಿಲ್‌ನನ್ನು ನೋಡಿದರು. ಇನ್ನೊಂದು ಕ್ಷಣ ಸುಮ್ಮನಿದ್ದರೆ ಬ್ಯಾಂಡೇಜು ಕಟ್ಟಿಕೊಂಡಿದ್ದ ಆ ಕೈಯ ಮೇಲೆ ತಪ್ಪು ಬೀಳುತ್ತಿತ್ತು.

“ನಾನು” ಎಂದೆ.

ಜಯಣ್ಣ ನನ್ನ ಕಡೆ ತಿರುಗಿದರು. ಏಳು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಎತ್ತಿದವರಲ್ಲ.

“ಅವತ್ತು ಬಾಯಿಬಿಟ್ಟು ಕೇಳಿದೆನಲ್ಲ ಮೇಡಂ! ಎಣ್ಣೆ ಅಂತ ಒಂದು ಮಾತು ಹೇಳಿದ್ರೆ ಅವತ್ತೇ ತೆಗೆದು ಬೇರೆ ರಿಂಗ್ ಹಾಕ್ತಿದ್ದೆ. ಅರ್ಧ ಗಂಟೆ ಕೆಲಸ. ಆ ಎಣ್ಣೆ ಮೆಂಬ್ರೇನಿಗೆ ಹೋದ್ರೆ ಅದೂ ಹಾಳು. ನಿಮಗೆ ನಾಚಿಕೆ ಆಯ್ತು ಅಂತ ನನ್ನ ಹೆಸರು ಹೋಗ್ಬೇಕಾ?” ರಿಂಗನ್ನು ಕೆಳಗಿಟ್ಟು ಹೇಳಿದರು: “ನನ್ನ ತಪ್ಪೂ ಒಂದುಂಟು. ನೋಡದೆ ಸಹಿ ಹಾಕಿದೆ. ನಿಮ್ಮನ್ನು ನಂಬಿ.”

ನನಗೆ ಸಿಕ್ಕಿದ ಬೈಗುಳಗಳಲ್ಲಿ ಆ ಕೊನೆಯ ಮಾತಿನಷ್ಟು ಯಾವುದೂ ಸುಟ್ಟಿಲ್ಲ.

“ಆಯ್ತು, ಆಯ್ತು” ಎಂದರು ವಿಶ್ವೇಶ. “ವಿಷಯ ನಮ್ಮಲ್ಲೇ ಇರ್ಲಿ. ಪುನಃ ಗ್ರೂಪಿನಲ್ಲಿ ಹಾಕಿದ್ರೆ ಆಸ್ಪತ್ರೆಯ ಮರ್ಯಾದೆ ಎಂತ ಆಗ್ಬೇಕು?”

“ಜಯಣ್ಣನ ಮರ್ಯಾದೆ ಎಂತ ಆಗ್ಬೇಕು ಸರ್?” ನನ್ನ ದನಿ ವಾರ್ಡಿನವರೆಗೆ ಕೇಳಿತಂತೆ. “ಹಾಕುವಾಗ ಎರಡು ನಿಮಿಷ, ತೆಗೀಲಿಕ್ಕೆ ಮಾತ್ರ ಆಗುದಿಲ್ವಾ?”

ಅವರು ಫೋನನ್ನು ಜೇಬಿಗೆ ಹಾಕಿಕೊಂಡು ಎಸಿ ಕೋಣೆಗೆ ನಡೆದರು. ಆ ಗ್ರೂಪಿನಲ್ಲಿ ನಾನಿಲ್ಲ. ಆದರೆ ಒಂಬತ್ತು ಡಯಾಲಿಸಿಸ್ ಕೇಂದ್ರಗಳಲ್ಲೂ ನನ್ನಂಥವರಿದ್ದಾರೆ. ನಮ್ಮ ಒಂದು ಬಿಟ್ಟು ಉಳಿದ ಎಂಟರಲ್ಲಿರುವವರ ನಂಬರ್ ನನ್ನಲ್ಲಿತ್ತು. ಫೆಬ್ರವರಿಯ ಅದೇ ಪುಟದಲ್ಲಿ ಅವರ ಸಹಿಯ ಕೆಳಗೆ ಬರೆದೆ: ಮುಚ್ಚಳ ಹಾಕಿಸಿದ್ದು ರಂಜಿನಿ. ರಿಂಗಿಗೆ ತೆಂಗಿನೆಣ್ಣೆ ಹಚ್ಚಿದ್ದು ರಂಜಿನಿ. ಕೇಳಿದಾಗ ಸುಳ್ಳು ಹೇಳಿದ್ದು ರಂಜಿನಿ. ಜಯ ಆಗ ಇಲ್ಲಿರಲಿಲ್ಲ. ಕೆಳಗೆ ಸಹಿ ಹಾಕಿ, ಫೋಟೋ ತೆಗೆದು ಎಂಟೂ ಜನರಿಗೆ ಕಳಿಸಿದೆ. ಅವಸರದಲ್ಲಿ ಒಂದು ಫೋಟೋ ಎರಡು ಸಲ ಹೋಯಿತು.

ಜಯಣ್ಣ ಇದನ್ನೆಲ್ಲ ನೋಡುತ್ತ ನಿಲ್ಲಲಿಲ್ಲ. ಹೊಸ ಮೆಂಬ್ರೇನ್, ಹೊಸ ರಿಂಗ್ ಹಾಕಿ, ಗ್ಲಿಸರಿನ್ ಹಚ್ಚಿ ಆರು ಗಂಟೆಯೊಳಗೆ ಮುಗಿಸಿದರು. ಸೋಮವಾರ ಬೆಳಿಗ್ಗೆ ಮಮ್ಮು ಕಾಕ ತಮ್ಮ ಕುರ್ಚಿಯಲ್ಲಿ ಕೂತು, ಚಹಾದಲ್ಲಿ ಸಕ್ಕರೆ ಕಡಿಮೆಯೆಂದು ನರ್ಸಿನ ಹತ್ತಿರ ಜಗಳವಾಡುತ್ತಿದ್ದರು. ಅದೇ ದಿನ ವಿಶ್ವೇಶರು ನನಗೆ ಮೆಮೋ ಕೊಟ್ಟರು. ದಾಖಲೆ ತಿದ್ದಿದ್ದಕ್ಕಂತೆ. ಇಟ್ಟುಕೊಂಡಿದ್ದೇನೆ.

ಬೇಡವೆಂದ ಎರಡರಲ್ಲಿ ಒಂದು ಆಸ್ಪತ್ರೆ ಜಯಣ್ಣನನ್ನು ಮತ್ತೆ ಕರೆಯಿತು. ಇನ್ನೊಂದು ಕರೆಯಲೇ ಇಲ್ಲ. ಆ ಒಂದು ನನ್ನ ತಲೆಯ ಮೇಲಿದೆ. ಜಯಣ್ಣ ಆ ವಿಷಯ ಎತ್ತುವುದಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಿಲ್ಲ. ನಾನು ಕೇಳಲೂ ಇಲ್ಲ.

ಈಗಲೂ ಮುಚ್ಚಳ ತೆಗೆಯಲಿಕ್ಕಿದ್ದರೆ ಬರುತ್ತಾರೆ. ಬೈರಾಸು ಬಿಚ್ಚಿ ಮುಕ್ಕಾಲಿ ಊರುತ್ತಾರೆ, ಬದಿಗೆ ಬನ್ನಿ ಎನ್ನುತ್ತಾರೆ. ಮುಚ್ಚಳ ಹೊರಬಂದ ಕೂಡಲೇ ರಿಂಗನ್ನು ಬಿಡಿಸಿ, ನನ್ನ ಎದುರೇ ಮೂಗಿಗೆ ಹಿಡಿದು ಮೂಸುತ್ತಾರೆ. ಒಂದು ಸಲವೂ ಬಿಟ್ಟಿಲ್ಲ. ಮೂಸಿ ನನ್ನ ಕೈಗೆ ಕೊಡುತ್ತಾರೆ. ನಾನೂ ಮೂಸುತ್ತೇನೆ. ಆಮೇಲೆ ಪುಸ್ತಕ ತೆರೆದು, ಇಬ್ಬರೂ ಸಹಿ ಹಾಕುತ್ತೇವೆ.